ಗೆಳೆಯನಿಗೊಂದು ಪತ್ರ: ಹದಿನೈದು ದಿನಕ್ಕೊಮ್ಮೆ ಏಕೆ?

ಪ್ರಿಯ ರಾಘು,

ಬಸುರಿ ಸುಮಾಗೆ ಏಳು ತಿಂಗಳು ತುಂಬುತ್ತಿದೆ ಎಂದು ಓದಿ ಮನೆಮಂದಿಗೆಲ್ಲ ಸಂತೋಷವಾಯಿತು. ಇದುವರೆಗೆ ತಿಂಗಳಿಗೊಮ್ಮೆ ಬರಹೇಳುತ್ತಿದ್ದ ಡಾಕ್ಟರು ಇನ್ನು ಹದಿನೈದು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ಬರಬೇಕೆಂದದ್ದು ಏಕೆ ಎಂದು ಕೇಳಿದ್ದೀಯೆ. ಈ ಲೆಕ್ಕದ ಬೇರು ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಲಂಡನ್ನಿನಲ್ಲಿದೆ.

ಬಸುರಿಯರ ತಪಾಸಣಾ ಕೇಂದ್ರಗಳು ಹೇಗೆ ನಡೆಯಬೇಕೆಂದು ಅಲ್ಲಿನ ಆರೋಗ್ಯ ಸಚಿವಾಲಯ 1929ರಲ್ಲಿ ಸೂಚನಾಪತ್ರ ಹೊರಡಿಸಿತು: ಮೊದಲ ತಪಾಸಣೆ 16ನೆಯ ವಾರದಲ್ಲಿ, ಮುಂದೆ 24 ಮತ್ತು 28ರಲ್ಲಿ, ಅಲ್ಲಿಂದ 36ರವರೆಗೆ ಎರಡು ವಾರಕ್ಕೊಮ್ಮೆ, ಬಳಿಕ ಹೆರಿಗೆಯವರೆಗೆ ವಾರವಾರ. ತಾಯಿ-ಮಕ್ಕಳ ಆರೋಗ್ಯದ ಹೊಣೆ ಆಗ ಡಾ. ಜಾನೆಟ್ ಕ್ಯಾಂಪ್‌ಬೆಲ್ ಅವರದು. ತಾಯಂದಿರ ಸಾವಿನ ಕಾರಣಗಳನ್ನು ವರ್ಷಗಟ್ಟಲೆ ಹುಡುಕಿದ ಅವರು 1934ರಲ್ಲಿ ಮದುವೆಯಾದಾಗ, ವಿವಾಹಿತೆಯರು ಸರ್ಕಾರಿ ನೌಕರಿಯಲ್ಲಿ ಇರಕೂಡದೆಂಬ ನಿಯಮದಿಂದಾಗಿ ಹುದ್ದೆ ಬಿಡಬೇಕಾಯಿತು. ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆ ಕೇಂದ್ರಗಳಲ್ಲಿ ಸ್ಕ್ಯಾನಿಂಗ್ ಇರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎತ್ತ ಇದೆಯೆಂದು ತಿಳಿಯುತ್ತಿದ್ದರು, ಪುಟ್ಟ ತುತ್ತೂರಿಯಂಥ ಕೊಳವೆಗೆ ಕಿವಿಗೊಟ್ಟು ಅದರ ಎದೆಬಡಿತ ಕೇಳುತ್ತಿದ್ದರು. ಮೂತ್ರವನ್ನು ಗಾಜಿನ ನಳಿಕೆಗೆ ಹಾಕಿ, ಮೇಲ್ಭಾಗವನ್ನು ದೀಪದ ಉರಿಗೆ ಹಿಡಿದು ಕುದಿಸಿ, ಒಂದೆರಡು ಹನಿ ಅಸಿಟಿಕ್ ಆಮ್ಲ ಬಿಡುತ್ತಿದ್ದರು. ಅದು ತಿಳಿಯಾಗಿಯೇ ಉಳಿದರೆ ನೆಮ್ಮದಿ. ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾದರೆ ಅಲ್ಬುಮಿನ್ ಎಂಬ ಪ್ರೋಟೀನ್ ಇದೆಯೆಂದು ಅರ್ಥ, ಜೊತೆಗೆ ರಕ್ತದೊತ್ತಡವೂ ಏರಿದ್ದರೆ ತಾಯಿಗೂ ಮಗುವಿಗೂ ಅಪಾಯ ತರುವ ಗರ್ಭನಂಜಿನ ಸೂಚನೆ. ಈ ನಂಜು ಹೆಚ್ಚಾಗಿ ಕೊನೆಯ ತಿಂಗಳುಗಳಲ್ಲಿ, ಕೆಲವೊಮ್ಮೆ ನಾಲ್ಕಾರು ದಿನಗಳಲ್ಲೇ ಉಲ್ಬಣಿಸುವುದರಿಂದ ತಪಾಸಣೆಗಳೂ ಕೊನೆಗೆ ಒತ್ತೊತ್ತಾಗಿ ಬರುತ್ತವೆ.

ಇಷ್ಟಾದರೂ 1930ರ ದಶಕದ ನಡುವಿನವರೆಗೆ ಇಂಗ್ಲೆಂಡಿನಲ್ಲಿ ಸಾವಿರ ಹೆರಿಗೆಗೆ ನಾಲ್ವರಿಗಿಂತ ಹೆಚ್ಚು ತಾಯಂದಿರು ಸಾಯುತ್ತಲೇ ಇದ್ದರು, ಉಳ್ಳವರ ಮನೆಗಳಲ್ಲೂ. ದೊಡ್ಡ ಕಾರಣ ಬಾಣಂತಿ ನಂಜು, ಅಂದರೆ ರೋಗಾಣುವಿನಿಂದ ಬರುವ ಸೋಂಕು; ಮೇಲೆ ಹೇಳಿದ ಗರ್ಭನಂಜೇ ಬೇರೆ. ಅದು ಹೆರಿಗೆಯ ಹೊತ್ತಿಗೆ ತಗಲುವಂಥದ್ದು. ಬಸುರಿಯಾಗಿದ್ದಾಗ ಎಷ್ಟು ಸಲ ಪರೀಕ್ಷಿಸಿದರೂ ಸಿಕ್ಕುವುದಿಲ್ಲ. ಹೆರಿಗೆ ಮಾಡಿಸುವವರ ಗಂಟಲಿನಿಂದಲೇ ಈ ರೋಗಾಣು ದಾಟಬಲ್ಲದೆಂದು ವೈದ್ಯೆ ಡೋರಾ ಕೋಲ್‌ಬ್ರೂಕ್ ತೋರಿಸಿಕೊಟ್ಟರು. 1936ರಲ್ಲಿ ಅವರ ಅಣ್ಣ ಲೆನರ್ಡ್ ಕೋಲ್‌ಬ್ರೂಕ್, ಲಂಡನ್ನಿನ ಕ್ವೀನ್ ಷಾರ್ಲಟ್ಸ್ ಹೆರಿಗೆ ಆಸ್ಪತ್ರೆಯಲ್ಲಿ ನಂಜೇರಿದ 38 ಬಾಣಂತಿಯರಿಗೆ ಪ್ರಾಂಟೊಸಿಲ್ ಎಂಬ ಸಲ್ಫಾ ಔಷಧಿ ಕೊಟ್ಟಾಗ ತೀರಿಕೊಂಡವರು ಮೂವರು. ಅದಕ್ಕೆ ಮುಂಚೆ ಅಲ್ಲಿ ನಾಲ್ಕೈದು ಮಂದಿಗೆ ಒಬ್ಬರು ಉಳಿಯುತ್ತಿರಲಿಲ್ಲ. ಸಾವಿನ ಸಂಖ್ಯೆ ಇಳಿಯತೊಡಗಿದ್ದು ಆಮೇಲೆಯೇ. ಸೂಲಗಿತ್ತಿಯರಿಗೆ ಸ್ಥಳೀಯ ಆಡಳಿತದ ಮೂಲಕ ಸಂಬಳದ ಕೆಲಸ ಒದಗಿಸುವ ಕಾನೂನು ಬಂದದ್ದೂ ಅದೇ ವರ್ಷ.

ಬಾಣಂತಿ ನಂಜು ತಪಾಸಣೆಗೆ ಸಿಕ್ಕದಿದ್ದರೂ ಗರ್ಭನಂಜು ಸಿಕ್ಕುತ್ತದೆ, ಆದುದರಿಂದ ಸುಮಾ ಒಂದು ತಪಾಸಣೆಯನ್ನೂ ತಪ್ಪಿಸದಿರಲಿ. ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಮುಖ ಊದಿದರೆ ಮುಂದಿನ ತಾರೀಖಿಗೆ ಕಾಯದೆ ಅಂದೇ ಕರೆದೊಯ್ಯಿ. ತವರಿಗೆ ಹೊರಡುವಾಗ ತಾಯಿ ಕಾರ್ಡು ಪೆಟ್ಟಿಗೆಯ ತಳದಲ್ಲಿ ಬೇಡ, ಅವಳ ಕೈಚೀಲದಲ್ಲೇ ಇರಲಿ.

ಇಂತು ನಿನ್ನ,
ಶ್ರೀಧರ