ಧ್ಯಾನದ ಫೋಟೋದಲ್ಲಿ ಕಾಲು ಜೋಮು ಹಿಡಿದವರು ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ಭಾನುವಾರದ ಪುರವಣಿಲಿ ಮೈಂಡ್‌ಫುಲ್‌ನೆಸ್ ಧ್ಯಾನದ (ಈ ಕ್ಷಣ ಆಗ್ತಿರೋದನ್ನ ಸುಮ್ನೆ ಗಮನಿಸೋದು) ಬಗ್ಗೆ ಅರ್ಧ ಪುಟದ ಲೇಖನ ಹಾಕಿದ್ರಿ, ಓದಿದೆ. ಬರೆದಿದ್ರಲ್ಲಿ ತಪ್ಪೇನಿಲ್ಲ ಬಿಡಿ. ಆದ್ರೆ ಪ್ರತಿ ಸಲದ ಹಾಗೆ ಅದೇ ಫೋಟೋ, ಸಮುದ್ರದ ದಡ, ಸೂರ್ಯ ಹುಟ್ತಾ ಇದಾನೆ, ಬಿಳಿ ಬಟ್ಟೆ ಹುಡುಗಿ ಪದ್ಮಾಸನ ಹಾಕ್ಕೊಂಡು ಮುಗುಳ್ನಗ್ತಾ ಕೂತಿದಾಳೆ. ದಿನಾ 20 ನಿಮಿಷ ಕೂತ್ರೆ ಮನಸ್ಸು ಶಾಂತವಾಗತ್ತಂತೆ. ಆ 20 ನಿಮಿಷದಲ್ಲಿ ಕೂತೋರ ಪಾಡು ಏನಾಗತ್ತೆ ಅಂತ ಮಾತ್ರ ಯಾರೂ ಬರೆಯಲ್ಲ, ಅದಕ್ಕೇ ಈ ಪತ್ರ.

ನಾನು ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಗಣಿತ. ಬಿಪಿ ಇದೆ, ಮಾತ್ರೆ ಬಿಡಬೇಡಿ, ಜೊತೆಗೆ ಸ್ವಲ್ಪ ಧ್ಯಾನನೂ ಮಾಡಿ ನೋಡಿ ಅಂದ್ರು ಡಾಕ್ಟ್ರು. ಚಾಪೆ ಹಾಸಿ, ಮೊಬೈಲಲ್ಲಿ 10 ನಿಮಿಷ ಟೈಮರ್ ಇಟ್ಟು, ಕಣ್ಮುಚ್ಚಿ ಉಸಿರು ಎಣಿಸೋಕೆ ಶುರು ಮಾಡ್ದೆ, ಒಂದರಿಂದ ಹತ್ತು, ಮತ್ತೆ ಒಂದರಿಂದ, ಇಷ್ಟೇ ಕೆಲಸ. ಮೂರಕ್ಕೆ ಬರೋ ಹೊತ್ತಿಗೆ ಗ್ಯಾಸ್ ಬುಕ್ ಮಾಡಿಲ್ಲ ಅಂತ ನೆನಪಾಯ್ತು, ಅಲ್ಲಿಂದ ಸಬ್ಸಿಡಿ, ಅಲ್ಲಿಂದ ಬ್ಯಾಂಕು, ಬ್ಯಾಂಕಿನ ಪಕ್ಕದ ಗಾಡಿಲಿ ಮಂಡಕ್ಕಿ ಮೆಣಸಿನಕಾಯಿ, ಹೋಗ್ತಾನೇ ಇದೆ. 34 ವರ್ಷ ಲೆಕ್ಕ ಹೇಳ್ಕೊಟ್ಟೋನಿಗೆ ಹತ್ತರ ತನಕ ಎಣಿಸೋಕಾಗಲಿಲ್ಲ ಸ್ವಾಮಿ! ಮೂಗಿನ ತುದಿ ನವೆ ಬೇರೆ. ಟೈಮರ್ ಕೆಟ್ಟಿರಬೇಕು ಅಂತ ಒಂದು ಕಣ್ಣು ಬಿಟ್ಟು ನೋಡ್ತೀನಿ, 2 ನಿಮಿಷ 40 ಸೆಕೆಂಡ್ ಆಗಿದೆ. ಕೊನೆಗೆ ಏಳೋಕೆ ಹೋದ್ರೆ ಎಡಗಾಲು ನಂದೇ ಅಲ್ಲ ಅನ್ನೋ ಹಾಗೆ ಜೋಮು, ಫ್ರಿಜ್ ಹಿಡ್ಕೊಂಡು ನಿಂತೆ. ನಮ್ಮನೆಯವರು ಒಳಗಿಂದ ಬಂದು "ರೀ, ಧ್ಯಾನ ಮಾಡಿದ್ರೋ ಕುಸ್ತಿ ಆಡಿದ್ರೋ?" ಅಂದ್ರು.

ನಾಲ್ಕು ದಿನ ಹೀಗೇ ಆಯ್ತು, ಬಿಟ್ಟುಬಿಟ್ಟೆ. ನಮ್ಮ ವಾಕಿಂಗ್ ಗುಂಪಲ್ಲಿ ವಿಚಾರಿಸಿದ್ರೆ ಸುಮಾರು ಜನ ನನ್ನ ಹಾಗೇ ಶುರು ಮಾಡಿ ಬಿಟ್ಟೋರೇ, ಎಲ್ಲರದ್ದೂ ಒಂದೇ ಮಾತು, ನನ್ನ ಮನಸ್ಸು ಸರಿ ಇಲ್ಲಪ್ಪ, ನಿಲ್ಲಲ್ಲ. ಅಲ್ರೀ, ಅರ್ಜುನನಂಥ ಬಿಲ್ಲುಗಾರನೇ ಮನಸ್ಸು ಹಿಡಿಯೋದು ಗಾಳಿ ಹಿಡಿದಂಗೆ ಅಂತ ಕೃಷ್ಣನ ಹತ್ರ ಅತ್ತುಕೊಂಡಿದಾನೆ, ಇನ್ನು ನಮ್ಮದೇನು?

ಆಮೇಲೆ ಹಠಕ್ಕೆ ಬಿದ್ದು ಬೆಂಗಳೂರು ಹತ್ರ ಹತ್ತು ದಿನದ ವಿಪಶ್ಯನಾ (ಉಸಿರು, ಮೈಯಲ್ಲಿ ಆಗೋದನ್ನ ಗಮನಿಸೋ ಬೌದ್ಧ ಧ್ಯಾನ) ಶಿಬಿರಕ್ಕೆ ಹೋದೆ, ಗೋಯೆಂಕಾ ಅವರ ಪದ್ಧತಿದು. ಅವರು 1924ರಲ್ಲಿ ಬರ್ಮಾದ ಮಾಂಡಲೆಲಿ ಹುಟ್ಟಿದ ವ್ಯಾಪಾರಸ್ಥರು, ವಿಪರೀತ ಮೈಗ್ರೇನ್ ಅಂತ ಧ್ಯಾನ ಹುಡುಕ್ಕೊಂಡು ಹೋದೋರು. ಅವರ ಗುರು ಊ ಬಾ ಖಿನ್ ಸನ್ಯಾಸಿನೂ ಅಲ್ಲ, ಬರ್ಮಾ ಸರ್ಕಾರದಲ್ಲಿ ಅಕೌಂಟೆಂಟ್ ಜನರಲ್ (ಲೆಕ್ಕದೋರು ಅಂತ ನಂಗೆ ಸ್ವಲ್ಪ ಖುಷಿ). ಅಲ್ಲಿ ಬೆಳಗಿನ ಜಾವ 4ಕ್ಕೆ ಗಂಟೆ ಹೊಡೀತಾರೆ, ಮಾತಿಲ್ಲ ಕತೆಯಿಲ್ಲ, ಮೊದಲ ಮೂರು ದಿನ ಬರೀ ಮೂಗಿನ ಹತ್ರ ಉಸಿರು ನೋಡೋದು. ಎರಡನೇ ದಿನಕ್ಕೇ ಓಡಿಹೋಗೋಣ ಅನ್ನಿಸಿತ್ತು. ಆದ್ರೆ ಒಂದು ವಿಷಯ ಅಲ್ಲೇ ಅರ್ಥ ಆಗಿದ್ದು, ಮನಸ್ಸು ಓಡಿಹೋಯ್ತು ಅಂತ ಗೊತ್ತಾಗತ್ತಲ್ಲ, ಆ ಗೊತ್ತಾಗೋದೇ ಅಭ್ಯಾಸ ಅಂತ. ಕ್ಲಾಸಲ್ಲಿ ಕಿಟಕಿ ಆಚೆ ನೋಡೋ ಹುಡುಗನ್ನ ಬಯ್ತಾ ಕೂತ್ರೆ ಪೀರಿಯಡ್ ಬೈಗುಳಕ್ಕೇ ಮುಗಿದುಹೋಗತ್ತೆ, ಹೆಸರು ಕರೆದು ಬೋರ್ಡ್ ತೋರಿಸಿದ್ರೆ ಪಾಠ ಮುಂದೆ ಹೋಗತ್ತೆ. ಇಷ್ಟು ವರ್ಷ ಹುಡುಗರ ಜೊತೆ ಮಾಡಿದ್ದನ್ನ ನನ್ನ ಜೊತೆ ನಾನೇ ಮಾಡಿರಲಿಲ್ಲ.

ನಾಲ್ಕನೇ ದಿನ ಆದ್ಮೇಲೆ ಅಧಿಷ್ಠಾನ ಅಂತ ಶುರುವಾಗತ್ತೆ, ದಿನಕ್ಕೆ ಮೂರು ಸಲ, ಒಂದೊಂದು ಗಂಟೆ, ಕೈ ಕಾಲು ಕದಲಿಸೋ ಹಾಗಿಲ್ಲ. ಮಂಡಿಲಿ ಬೆಂಕಿ ಇಟ್ಟಂಗಾಯ್ತು. ಬೇರೆ ದಾರಿ ಇಲ್ಲದೆ ಅದನ್ನೇ ನೋಡ್ತಾ ಕೂತ್ರೆ, ನೋವು ಅಂತ ಒಂದೇ ಮುದ್ದೆ ಇರಲಿಲ್ಲ, ಒಂದು ಕಡೆ ಬಿಸಿ, ಒಂದು ಕಡೆ ಬಿಗಿತ, ನಡುವೆ ಪಟಪಟ ಅಂತ ಏನೋ ಹೊಡ್ಕೊಳ್ಳೋದು, ಅದೂ ಬರತ್ತೆ ಹೋಗತ್ತೆ. ಅರ್ಧ ಸಂಕಟ ಮಂಡಿದಲ್ಲ, "ಇನ್ನೆಷ್ಟು ಹೊತ್ತು, ಇನ್ನೆಷ್ಟು ಹೊತ್ತು" ಅಂತ ಒಳಗೆ ಒಬ್ಬ ಕೂಗ್ತಿದ್ದನಲ್ಲ, ಅವನದ್ದು.

ಹಾಗಂತ ಹೊಸಬರು ಇದನ್ನ ಮನೇಲಿ ಮಾಡೋಕೆ ಹೋಗಬೇಡಿ. ಅಮೆರಿಕದಲ್ಲಿ 1979ರಲ್ಲಿ ಜಾನ್ ಕಬಾಟ್ ಜಿನ್ ಅನ್ನೋರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲಲ್ಲಿ ಮೈಂಡ್‌ಫುಲ್‌ನೆಸ್ ಕೋರ್ಸ್ ಶುರು ಮಾಡಿದ್ದೇ ವರ್ಷಗಟ್ಟಲೆ ನೋವು ತಿಂದು ಬಂದ ರೋಗಿಗಳಿಗೆ, ಅವರಿಗೆ ಶುರುಲಿ ಹೇಳ್ಕೊಡ್ತಿದ್ದಿದ್ದು ಮಲಗಿಕೊಂಡೇ ಮೈಯೆಲ್ಲಾ ಗಮನಿಸೋದನ್ನ. ಪದ್ಮಾಸನ ಬೇಕೇ ಬೇಕು ಅಂತ ಯಾರು ಹೇಳಿದ್ರೋ! ನಾನೀಗ ಕೂರೋದು ಪ್ಲಾಸ್ಟಿಕ್ ಕುರ್ಚಿ ಮೇಲೆ. ನೆಲದ ಮೇಲೇ ಕೂರಬೇಕು ಅನ್ನೋರು ಬೆಡ್‌ಶೀಟ್ ಮಡಚಿ ಕುಂಡೆ ಕೆಳಗೆ ಎತ್ತರಕ್ಕೆ ಇಟ್ಕೊಳ್ಳಿ, ಮಂಡಿ ಸೊಂಟಕ್ಕಿಂತ ಕೆಳಗೆ ಬಂದ್ರೆ ಎಷ್ಟೋ ಹಗುರ. ಜೋಮು ಬರೋದು ಹೆಚ್ಚಾಗಿ ನರ ಒತ್ತಿಕೊಂಡು, ಕಾಲು ಬಿಡಿಸಿದ್ರೆ ಸ್ವಲ್ಪ ಹೊತ್ತಲ್ಲಿ ಹೋಗತ್ತೆ, ಹೋಗದೇ ಇದ್ರೆ ಅಥವಾ ಮಂಡಿಲಿ ಚುಚ್ಚಿದಂಗೆ ನೋವು ಬಂದ್ರೆ ಸಹಿಸ್ಕೊಂಡು ಕೂರಬೇಡಿ, ಡಾಕ್ಟ್ರಿಗೆ ತೋರಿಸಿ. ನವೆ ಆದ್ರೆ ಒಂದು ಹತ್ತು ಉಸಿರು ಸುಮ್ನೆ ನೋಡಿ, ಬಹಳ ಸಲ ತಾನಾಗೇ ಹೋಗತ್ತೆ, ಹೋಗಲಿಲ್ಲ ಅಂದ್ರೆ ಕೆರ್ಕೊಳ್ಳಿ, ಪಾಪ ಏನೂ ಬರಲ್ಲ. ಉಸಿರು ನೋಡ್ತಾ ನೋಡ್ತಾ ಕೆಲವರಿಗೆ ಉಸಿರೇ ಕಟ್ಟಿದಂಗಾಗತ್ತೆ, ಆಗ ಅಂಗಾಲಿನ ಕಡೆ ಗಮನ ಇಟ್ರೂ ನಡಿಯತ್ತೆ. ತೂಕಡಿಕೆ ಬಂದ್ರೆ ಕಣ್ಣು ಬಿಡಿ.

ಸದ್ದಿನ ವಿಷಯಕ್ಕೆ ಬಂದ್ರೆ, ನಮ್ಮ ಬೀದಿಗೆ 6.40ಕ್ಕೆ ಸರಿಯಾಗಿ ಕಸದ ಗಾಡಿ ಹಾಡು ಹಾಕ್ಕೊಂಡು ಬರತ್ತೆ. ಮೊದಲು ಮೈ ಉರೀತಿತ್ತು. ಈಗ ಹಾಡು ತಿರುವಿನಲ್ಲಿ ಸಣ್ಣಗೆ ಶುರುವಾಗೋದು, ಹತ್ರ ಬರೋದು, ಗೇಟ್ ಮುಂದೆ ನಿಲ್ಲೋದು, ಎಲ್ಲಾ ಕೇಳಿಸ್ಕೊಳ್ತೀನಿ, ಎದ್ದು ಬಕೆಟ್ ಕೊಟ್ಟು ಬಂದು ಮತ್ತೆ ಕೂರ್ತೀನಿ.

ಇನ್ನೊಂದು ಮಾತು, ಕೂತಾಗ ಹಳೇದೆಲ್ಲಾ ಉಕ್ಕಿ ಬಂದು ಭಯ, ಅಳು ತಡೆಯೋಕಾಗದೇ ಇರೋರು ಒಬ್ಬರೇ ಹಠ ಮಾಡಬೇಡಿ, ನಿಲ್ಲಿಸಿ ಯಾರ ಹತ್ರನಾದ್ರೂ ಮಾತಾಡಿ. ಮನಸ್ಸಿನ ಕಷ್ಟಕ್ಕೆ ಅಂತಲೇ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಹಗಲು ರಾತ್ರಿ ಫ್ರೀ, ಕನ್ನಡದಲ್ಲೇ ಮಾತಾಡಬಹುದು. ಇಂಥ ನಂಬರ್ ಲೇಖನದ ಕೆಳಗೆ ಎರಡು ಸಾಲು ಹಾಕೋಕೆ ಜಾಗ ಸಿಗಲ್ವಾ?

ವಿಶ್ವಸಂಸ್ಥೆ 2024ರಲ್ಲಿ ಡಿಸೆಂಬರ್ 21ನ್ನ ವಿಶ್ವ ಧ್ಯಾನ ದಿನ ಅಂತ ಮಾಡಿದೆ, ಆವತ್ತು ನೀವು ಮತ್ತೆ ಪುರವಣಿ ತರ್ತೀರ ಅಂತ ಗೊತ್ತು. ಸಮುದ್ರದ ಫೋಟೋ ಒಂದು ಸಲ ಬಿಡಿ. ಬೇಕಾದ್ರೆ ನಮ್ಮನೆ ಪ್ಲಾಸ್ಟಿಕ್ ಕುರ್ಚಿ, ಪಕ್ಕದಲ್ಲಿ ಕಸದ ಬಕೆಟ್, ಎರಡೂ ಇರೋ ಫೋಟೋ ನಾನೇ ತೆಗೆದು ಕಳಿಸ್ತೀನಿ.

ಇತಿ,
ನಿಮ್ಮ ಹಳೇ ಓದುಗ,
ದಾವಣಗೆರೆ