ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ಸೈಕೋಸಿಸ್ ಇರುವವರಿಗೆಲ್ಲ ಒಂದೇ ಚೀಟಿ ಬರೆಯುವುದನ್ನು ನಿಲ್ಲಿಸಿ

ಮಾನ್ಯ ಆರೋಗ್ಯ ಸಚಿವರೇ,

ಮನೋರೋಗ ವಿಭಾಗದ ಹಳೆಯ ಚೀಟಿಗಳನ್ನೊಮ್ಮೆ ತರಿಸಿ ನೋಡಿ. 20ರ ಹುಡುಗನಿಗೂ 70ರ ಅಜ್ಜಿಗೂ ಅದೇ ಮಾತ್ರೆ, ಅದೇ ಡೋಸ್, ಕೆಳಗೆ ‘ಮುಂದುವರಿಸಿ’ ಎಂಬ ಒಂದೇ ಪದ. ವರ್ಷಗಟ್ಟಲೆ ಇದನ್ನೇ ನೋಡಿ ಸಾಕಾಗಿ ಬರೆಯುತ್ತಿದ್ದೇವೆ. ರೋಗಿಯ ವಯಸ್ಸು, ಮೈ, ಹಿಂದಿನ ಚಿಕಿತ್ಸೆ ನೋಡಿಯೇ ಔಷಧಿ ನಿಗದಿಯಾಗಬೇಕು. ಈ ನಿಯಮ ನಿಮಗೆ ಗೊತ್ತಿಲ್ಲದ್ದೇನಲ್ಲ.

ಮೊದಲ ಸಲ ಸೈಕೋಸಿಸ್ (ಇಲ್ಲದ ದನಿ ಕೇಳುವುದು, ಭ್ರಮೆಗಳನ್ನೇ ನಿಜವೆಂದು ನಂಬುವುದು ಇಂಥ ಸ್ಥಿತಿ) ಬಂದವರಿಗೆ ಅದರ ಔಷಧಿಯಾದ ಹ್ಯಾಲೋಪೆರಿಡಾಲ್ ಸಾಮಾನ್ಯವಾಗಿ ದಿನಕ್ಕೆ 2ರಿಂದ 4 ಮಿ.ಗ್ರಾಂ. ಸಾಕು. ಏಕಾಏಕಿ 15 ಕೊಟ್ಟರೆ ಏನಾಗುತ್ತದೆ? ಕೆಲವೇ ದಿನಗಳಲ್ಲಿ ಕೂತಲ್ಲಿ ಕೂರಲಾಗುವುದಿಲ್ಲ. ಮಂಚದ ಅಂಚಿಗೆ ಕೂತು ಕಾಲು ಕುಣಿಸುತ್ತಾರೆ, ಏಳುತ್ತಾರೆ, ಬಾಗಿಲ ತನಕ ಹೋಗಿ ಮರಳುತ್ತಾರೆ, ನಿಂತಲ್ಲೂ ಕಾಲು ಬದಲಿಸುತ್ತಲೇ ಇರುತ್ತಾರೆ. ಇದು ಅಕಥೀಸಿಯಾ, ಔಷಧಿ ತಂದ ಸಂಕಟ. ಫೈಲಿನಲ್ಲಿ ಮಾತ್ರ ‘ಉದ್ರೇಕ ಹೆಚ್ಚಿದೆ’ ಎಂದು ಬರೆದು ಡೋಸ್ ಏರಿಸುತ್ತಾರೆ. ಇಳಿಸಬೇಕಾದಲ್ಲಿ ಏರಿಸುತ್ತಾರೆ, ಸಚಿವರೇ! ಈ ಚಡಪಡಿಕೆ ತಾಳದೆ ಜೀವ ಕಳೆದುಕೊಳ್ಳಲು ಹೊರಡುವವರಿದ್ದಾರೆ. ಇದನ್ನು ಕಂಡೂ ಎಷ್ಟು ದಿನ ಸುಮ್ಮನಿರಬೇಕು?

ಸಕ್ಕರೆ ಕಾಯಿಲೆ ಇರುವವರಿಗೆ ತೂಕವನ್ನೂ ನೋಡದೆ, ತೂಕ ಮತ್ತು ಸಕ್ಕರೆ ಎರಡನ್ನೂ ಏರಿಸಬಲ್ಲ ಒಲಾಂಜಪೈನ್. ಇನ್ನೊಂದು ಔಷಧಿ ರಿಸ್ಪೆರಿಡೋನ್‌ನಿಂದ ಮುಟ್ಟು ನಿಂತ ಹೆಣ್ಣುಮಗಳಿಗೆ, ಆ ಔಷಧಿ ಏರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನಿನ ಪರೀಕ್ಷೆಯೂ ಇಲ್ಲ.

ಕ್ಲೋಜಪೈನ್ ವಿಚಾರದಲ್ಲಂತೂ ಹೊಟ್ಟೆ ಉರಿಯುತ್ತದೆ. ಎರಡು ಔಷಧಿಗಳನ್ನು ಸರಿಯಾದ ಡೋಸಿನಲ್ಲಿ ತಲಾ 6 ವಾರ ಕೊಟ್ಟೂ ಗುಣ ಕಾಣದಿದ್ದರೆ ಇದನ್ನೇ ಕೊಡಬೇಕು. ರಕ್ತಪರೀಕ್ಷೆಯ ವ್ಯವಸ್ಥೆ ಇಲ್ಲವೆಂದು ಐದನೆಯದು, ಆರನೆಯದು ಬದಲಿಸುತ್ತಾ ವರ್ಷ ಕಳೆಯುತ್ತಾರೆ. 12.5 ಮಿ.ಗ್ರಾಂ.ನಿಂದ ಶುರುಮಾಡಿ ನಿಧಾನ ಏರಿಸಬೇಕು. ಸೋಂಕು ತಡೆಯುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳನ್ನು ಈ ಔಷಧಿ ಕುಗ್ಗಿಸಬಹುದು, ಹಾಗಾಗಿ ಆರಂಭದ ತಿಂಗಳುಗಳಲ್ಲಿ ವಾರವಾರವೂ ಅವುಗಳ ಎಣಿಕೆ ಆಗಬೇಕು. ಮಲಬದ್ಧತೆಯನ್ನು ದಿನಾ ಕೇಳಬೇಕು, ಕರುಳು ಕಟ್ಟಿಯೇ ಸಾಯುವವರಿದ್ದಾರೆ. ಮಾತ್ರೆ 48 ಗಂಟೆಗಿಂತ ಹೆಚ್ಚು ತಪ್ಪಿದರೆ ಮತ್ತೆ 12.5ರಿಂದಲೇ ಆರಂಭ. ಸಿಗರೇಟು ಸೇದುವವರು ವಾರ್ಡಿಗೆ ಸೇರಿ ಸೇದುವುದನ್ನು ಬಿಟ್ಟರೆ, ಹೊಗೆಯಿಂದ ಚುರುಕಾಗಿದ್ದ ಯಕೃತ್ತಿನ ಕಿಣ್ವ ಮೊದಲಿನಂತಾಗಿ, ಅದೇ ಡೋಸಿನಲ್ಲೇ ರಕ್ತದಲ್ಲಿ ಔಷಧಿ ಏರುತ್ತದೆ. ಮಂಪರು, ಫಿಟ್ಸ್ ಬರುತ್ತವೆ. ಸೇದುತ್ತೀರಾ ಎಂದು ಕೇಳಲು ಒಂದು ನಿಮಿಷವೂ ಬೇಡ. ಆ ನಿಮಿಷವನ್ನೂ ಯಾರೂ ಕೊಡುತ್ತಿಲ್ಲ.

ಒಬ್ಬೊಬ್ಬರಿಗೂ ಅವರಿಗೆ ಒಗ್ಗುವ ಚಿಕಿತ್ಸೆ ಕೊಡಿಸಿ. ಪ್ರತಿ ಫೈಲಿನಲ್ಲೂ ಒಂದು ಹಾಳೆ ಇರಲಿ: ಯಾವ ಔಷಧಿ, ಎಷ್ಟು ಡೋಸ್, ಎಷ್ಟು ವಾರ, ಏನು ಗುಣ, ಏನು ತೊಂದರೆ. ಕ್ಲೋಜಪೈನ್ ಕೊಡುವ ಕಡೆಯಲ್ಲೇ ರಕ್ತಪರೀಕ್ಷೆಯೂ ಆಗಲಿ. ಆ ಹಾಳೆ ತುಂಬದೆ ‘ಮುಂದುವರಿಸಿ’ ಎಂದು ಯಾರೂ ಬರೆಯುವಂತಿಲ್ಲವೆಂದು ಈ ವಾರವೇ ಆದೇಶ ಹೊರಡಿಸಿ.

ಇತಿ,
ಮನೋರೋಗ ವಾರ್ಡುಗಳ ಶುಶ್ರೂಷಕರು ಮತ್ತು ಔಷಧ ವಿತರಕರು