ಟಿಕೆಟ್ ಇಲ್ಲದ ಕೆರೆ

ನಮಸ್ಕಾರ. ಸಂಚಿಕೆ ನಾಳೆ ಬೆಳಗ್ಗೆ ಮುದ್ರಣಕ್ಕೆ ಹೋಗಬೇಕು. ಬರೆದುಕೊಡುತ್ತೇನೆ ಎಂದವರ ಲೇಖನ ಬಂದಿಲ್ಲ, ಹಾಗಾಗಿ ಈ ಪುಟ ಮತ್ತೆ ನನ್ನ ತಲೆಗೇ ಬಿತ್ತು.

ದೀಪಾವಳಿ ಬಂತು. ಹಂಡೆ ತಿಕ್ಕಿ, ಬಳ್ಳಿ ಸುತ್ತಿ, ಜಾಗಟೆ ಬಡಿದು ನೀರು ತುಂಬಿಸುತ್ತಿದ್ದದ್ದನ್ನು ನಿಮಗೆ ನಾನು ಹೇಳಬೇಕಿಲ್ಲ. ಈ ವಾರ ಮಗಳು 25 ಮೀಟರ್ ಈಜಿನ ಬ್ಯಾಡ್ಜ್ ಹಿಡಿದು ಬಂದಳು. ಇಲ್ಲಿ ಇಂಗ್ಲೆಂಡಿನಲ್ಲಿ ಪ್ರಾಥಮಿಕ ಶಾಲೆ ಮುಗಿಸುವಷ್ಟರಲ್ಲಿ ಅಷ್ಟು ದೂರ ಈಜಲು ಬರಬೇಕೆಂದು ಪಠ್ಯಕ್ರಮದಲ್ಲೇ ಇದೆ. "ಅಜ್ಜನ ಮನೆ ಕೆರೆಗೆ ಟಿಕೆಟ್ ಎಷ್ಟಿತ್ತಮ್ಮ?" ಎಂದಳು. ಟಿಕೆಟ್ ಇರಲಿಲ್ಲ ಎಂದೆ. "ಹಾಗಾದ್ರೆ ಯಾರು ಬೇಕಾದ್ರೂ ಬರಬಹುದಿತ್ತಾ?"

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಸೀತಾಂಗೋಳಿ ದಾಟಿ ಒಳಗಿಳಿದರೆ ಅಜ್ಜನ ತೋಟ, ಅದರ ಮೇಲ್ಬದಿಗೆ ಮುರಕಲ್ಲಿನ ಮೆಟ್ಟಿಲಿನ ಕೆರೆ. ಮೇ ರಜೆಯಲ್ಲಿ ಮಾವ ಎರಡು ಒಣ ತೆಂಗಿನಕಾಯಿ ಆಯ್ದು, ಸಿಪ್ಪೆಯ ಒಂದೊಂದು ಎಳೆ ಎಬ್ಬಿಸಿ, ಗಂಟು ಹಾಕಿ ಜೋಡಿ ಮಾಡಿ ಕೊಡುತ್ತಿದ್ದರು. ಗಂಟು ಎದೆಯಡಿಗೆ, ಕಾಯಿಗಳು ಎರಡು ಕಂಕುಳಿಗೆ. ಕಾಲು ಬಡಿಯಲು ಬಂದ ಮೇಲೆ ಒಂದು ಕಾಯಿ ಕಳಚುತ್ತಿದ್ದರು. ಆಗಿನ ಪಾಡು ಕೇಳಬೇಡಿ! ಕಾಯಿ ಇದ್ದ ಬದಿ ಮೇಲೆ, ಇಲ್ಲದ ಬದಿ ಕೆಳಗೆ. ಎತ್ತ ಹೊರಟರೂ ಸುತ್ತು ಹೊಡೆದು ಮತ್ತೆ ಅದೇ ಮೆಟ್ಟಿಲಿಗೆ. ಮೂಗಿಗೆ ನೀರು, ಬಾಯಿಗೆ ಪಾಚಿ, ದಡದಲ್ಲಿ ಅಕ್ಕಂದಿರು ತಲೆಗೆ ಹಚ್ಚುತ್ತಿದ್ದ ದಾಸವಾಳದ ಸೊಪ್ಪಿನ ಲೋಳೆಯ, ಅಂದರೆ ಗೊಂಪಿನ, ವಾಸನೆ. ಅಣ್ಣಂದಿರು ಬೇಗ ಕಾಯಿ ಬಿಟ್ಟರು. ನಾನು ಬಿಡುವ ಹೊತ್ತಿಗೆ "ಇನ್ನು ಸಾಕು, ಕೂಸು ದೊಡ್ಡದಾಯಿತು" ಎಂದು ಮೇಲೆ ಕರೆದರು. ಅಜ್ಜಿಯಂತೂ ದಿನಕ್ಕೆರಡು ಸಲ ಅದೇ ಕೆರೆಯಲ್ಲಿ ಮಿಂದವರು, ಮೂರನೇ ಮೆಟ್ಟಿಲಿನಿಂದ ಆಚೆ ಇಳಿದವರಲ್ಲ. ಅವರಿಗೆ ಈಜು ಬರುತ್ತಿರಲಿಲ್ಲ.

ಬೇಸಗೆಯಲ್ಲಿ ಕೆರೆಯ ಕೆಸರು ತೆಗೆಯಲು ಆಳುಗಳು ಬರುತ್ತಿದ್ದರು. ಇಡೀ ದಿನ ಸೊಂಟಮಟ್ಟ ಕೆಸರಿನಲ್ಲಿ ನಿಂತು ಬುಟ್ಟಿ ಮೇಲೆ ಕೊಟ್ಟು, ಸಂಜೆ ಮೈತೊಳೆಯಲು ಕೆಳಗಿನ ತೋಡಿಗೆ (ಸಣ್ಣ ಹಳ್ಳಕ್ಕೆ) ಹೋಗುತ್ತಿದ್ದರು. ಹೊಸ ನೀರು ಬಂದ ಮೇಲೆ ಅವರು ಆ ಮೆಟ್ಟಿಲು ಇಳಿಯುವಂತಿರಲಿಲ್ಲ. ಅವರ ಮಕ್ಕಳು ಮಳೆಗಾಲದ ತೋಡಿನಲ್ಲಿ ತೆಂಗಿನಕಾಯಿ ಇಲ್ಲದೆಯೇ ಕಲಿತರು, ನಮಗಿಂತ ಚೆನ್ನಾಗಿ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾರಾಷ್ಟ್ರದ ಮಹಾಡಿನಲ್ಲಿ, ದಲಿತರನ್ನು ಬಿಡದಿದ್ದ ಚವದಾರ್ ಕೆರೆಯ ನೀರು ಕುಡಿದದ್ದೂ ಅಜ್ಜನಿಗೆ ಗೊತ್ತಿತ್ತು, ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರೆತ್ತಿಯೇ ಭೇದ ಕೂಡದೆಂದದ್ದೂ ಗೊತ್ತಿತ್ತು. "ಅದು ಸಾರ್ವಜನಿಕ ಕೆರೆಗೆ, ಇದು ಮನೆಯದ್ದು" ಎನ್ನುತ್ತಿದ್ದರು, ವಕೀಲರ ಗತ್ತಿನಲ್ಲಿ.

ಇದಿಷ್ಟು ಕೇಳಿ ಮಗಳು, "ಟಿಕೆಟ್ ಇದ್ದಿದ್ರೇ ಒಳ್ಳೇದಿತ್ತು" ಎಂದಳು.

ಟಿಕೆಟ್ ಇದ್ದಲ್ಲಿನ ಕತೆಯೂ ಇದೆ. ಬ್ರಿಟನ್ನಿನಲ್ಲಿ 1846ರ ಕಾಯಿದೆಯ ಬಲದಿಂದ ಊರೂರಲ್ಲಿ ಸಾರ್ವಜನಿಕ ಸ್ನಾನಗೃಹ ಎದ್ದವು, ಮನೆಯಲ್ಲಿ ಬಚ್ಚಲಿಲ್ಲದ ಕೂಲಿಕಾರರೂ ಮೀಯಲೆಂದು. ಅದರಲ್ಲೂ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್. ನಮ್ಮಲ್ಲಿ ಕೆಲವರು ನೋಡಿಬಂದ ಮ್ಯಾಂಚೆಸ್ಟರಿನ ವಿಕ್ಟೋರಿಯಾ ಬಾತ್ಸ್ 1906ರದ್ದು, ಮೂರು ಕೊಳ. ಹೊಸ ನೀರು ಮೊದಲು ಫಸ್ಟ್ ಕ್ಲಾಸ್ ಗಂಡಸರಿಗೆ, ಅದೇ ನೀರು ಆಮೇಲೆ ಸೆಕೆಂಡ್ ಕ್ಲಾಸ್ ಗಂಡಸರಿಗೆ, ಕಟ್ಟಕಡೆಗೆ ಹೆಂಗಸರಿಗೆ. ಅಜ್ಜ ಕಂಡಿದ್ದರೆ ಮೆಚ್ಚುತ್ತಿದ್ದರು. ಗಂಡು ಹೆಣ್ಣು ಒಟ್ಟಿಗೆ ಈಜಲು ಅಲ್ಲಿ ಬಿಟ್ಟದ್ದು 1914ರಲ್ಲಿ, ಅದೂ ಭಾನುವಾರ ಬೆಳಗ್ಗೆ ಮಾತ್ರ.

ಜಾಗ ಮುಗಿಯಿತು, ಸೂಚನೆಗಳು ಬೇಗ ಬೇಗ: ದೀಪಾವಳಿ ಊಟ ಶನಿವಾರ ಸಂಜೆ 5ಕ್ಕೆ, ಹಾಲ್ ಬದಲಾಗಿದೆ, ಇಮೇಲ್ ನೋಡಿಕೊಳ್ಳಿ. ಮರುವಾರ ರಾಜ್ಯೋತ್ಸವ. (1956ರ ಅದೇ ನವೆಂಬರ್ 1ಕ್ಕೆ ಕೇರಳದ ಪಾಲಾದ ಊರಿನವಳಾದ ನನ್ನನ್ನೇ ಬಾವುಟದ ಕೆಲಸಕ್ಕೆ ಹಾಕಿದ್ದಾರೆ, ಇರಲಿ.) ಮಕ್ಕಳ ಯಕ್ಷಗಾನಕ್ಕೆ ಗೆಜ್ಜೆ ಸಾಲದು, ಊರಿಗೆ ಹೋಗುವವರು ತನ್ನಿ. ಹೆಂಗಸರಿಗೆ ಮಾತ್ರ ಎಂದು ಈಜುಕೊಳದಲ್ಲಿ ವಾರಕ್ಕೊಂದು ಗಂಟೆ ಕಾದಿರಿಸಬೇಕೆಂದಿದ್ದೇವೆ. ಹತ್ತು ಹೆಸರು ಬೇಕು, ನಾಲ್ಕು ಬಂದಿವೆ. ಈಜು ಬಾರದವರೇ ಮೊದಲು ಹೆಸರು ಕೊಡಿ, ಅತ್ತೆಯಂದಿರನ್ನೂ ಕರೆತನ್ನಿ. ಇನ್ನೊಂದು, ಈ ಪತ್ರಿಕೆಯ ಪ್ರೂಫ್ ನೋಡಲು ಯಾರಾದರೂ ಒಬ್ಬರು, ದಯವಿಟ್ಟು. ರಾತ್ರಿ ಒಂದು ಗಂಟೆಗೆ ನನಗೆ ಒತ್ತಕ್ಷರ ಎರಡೆರಡಾಗಿ ಕಾಣುತ್ತವೆ.

ಹಾಂ, ಹಬ್ಬದ ದಿನ ಎಣ್ಣೆ ಹಚ್ಚಿದ ಮಕ್ಕಳನ್ನು ಸೀದಾ ಈಜುಕೊಳಕ್ಕೆ ಇಳಿಸಬೇಡಿ. ಹೋದ ವರ್ಷ ಬೈಸಿಕೊಂಡದ್ದು ನಾನು.